ಸೆಕೆಂಡಿಗೊಂದು ಹನಿ

ಬಾಟಲಿ ಖಾಲಿಯಾಗಿತ್ತು.

ಸಂಜೆಯವರೆಗೆ ಬರಬೇಕಾಗಿದ್ದ ಡ್ರಿಪ್ ಬಾಟಲಿ ಮಧ್ಯಾಹ್ನದ ಊಟದ ಗಾಡಿ ವಾರ್ಡಿಗೆ ಬರುವ ಮೊದಲೇ ಬರಿದಾಗಿ ಕಂಬಿಗೆ ಜೋತುಬಿದ್ದಿತ್ತು. ಅದರ ಕೆಳಗೆ, ಕಿಟಕಿ ಪಕ್ಕದ ಮಂಚದ ಮೇಲೆ, ಮೊದಲೇ ಹೃದಯ ಸೋತಿದ್ದ ಆ ಹೆಂಗಸು ಉಸಿರಿಗಾಗಿ ಒದ್ದಾಡುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಬಾಯಂಚಿನಲ್ಲಿ ನೊರೆ.

"ಮೇಡಂ, ಬಾಟಲಿ—" ಎಂದಳು ಗುಬ್ಬಿ. 

ಗುಬ್ಬಿ ಎಂದರೆ ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಗೇಣುದ್ದದ ಹುಡುಗಿ ಎಂದು ಇಡೀ ಹಾಸ್ಟೆಲ್ಲೇ ಆ ಹೆಸರಿಟ್ಟಿತ್ತು. ಬೆಳಿಗ್ಗೆ ಆ ಡ್ರಿಪ್ ಹಾಕಿದವಳು ಅವಳು. ಹಾಕಿ, ಕ್ಲಾಸಿಗೆ ಹೋಗಿ, ಈಗಷ್ಟೇ ಹಿಂತಿರುಗಿದ್ದಳು. ಅವಳ ಹಿಂದೆಯೇ ಇದ್ದವರು ಕ್ಲಾಸು ತೆಗೆದುಕೊಂಡ ಲೆಕ್ಕದ ಮೇಡಂ.

ಔಷಧಿಯ ಪ್ರಮಾಣ, ಡ್ರಿಪ್ಪಿನ ವೇಗ, ಇವನ್ನೆಲ್ಲ ಲೆಕ್ಕ ಹಾಕಲು ಕಲಿಸುವುದು ಅವರ ಕೆಲಸ. ಮನೆಯಲ್ಲಿ ಚಹಾ ಸೋಸುವಾಗಲೂ ಹನಿ ಎಣಿಸುತ್ತಾರೆ ಎಂದು ಹುಡುಗಿಯರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮೇಡಂಗೆ ಅದು ಗೊತ್ತಿತ್ತು. ಹನಿ ಎಣಿಸಲು ಬಂದರೆ ಸಾಕು, ಏನಾದರೂ ಅಂದುಕೊಳ್ಳಲಿ ಎಂದು ಬಿಟ್ಟಿದ್ದರು.

ಅವರು ಓಡಿಹೋಗಿ ಕೊಳವೆಯ ಮೇಲೆ ಹನಿಯ ವೇಗ ಹೊಂದಿಸುವ ಪುಟ್ಟ ಚಕ್ರ ಮುಚ್ಚಿದರು. ಆಕ್ಸಿಜನ್ ಬಂತು, ಡಾಕ್ಟರು ಬಂದರು, ಮಂಚ ಗಡಗಡನೆ ತೀವ್ರ ನಿಗಾ ಘಟಕಕ್ಕೆ ಉರುಳಿತು. ನಿಧಾನವಾಗಿ ಹೋಗಬೇಕಾಗಿದ್ದ ನೀರು ಒಮ್ಮೆಲೇ ನುಗ್ಗಿ ಶ್ವಾಸಕೋಶ ತುಂಬಿಬಿಟ್ಟಿದೆ ಎಂದರು ಡಾಕ್ಟರು. ಬದುಕುತ್ತಾಳಾ? ಅದನ್ನು ಈಗಲೇ ಹೇಳಲಾಗದು ಎನ್ನುತ್ತಾ ಅವರು ಮಂಚದ ಹಿಂದೆ ಓಡಿದರು.

ಆಗ ವಾರ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ಏದುಸಿರು ಬಿಡುತ್ತಾ ಬಂದು ನಿಂತ. ಆ ಹೆಂಗಸಿನ ಗಂಡ. ಬಾಟಲಿ ಮುಗಿಯಿತು, ಇವಳಿಗೆ ಯಾಕೋ ಕೆಮ್ಮು ಹೆಚ್ಚಾಗಿದೆ ಎಂದು ಹೇಳಲು ಸಿಸ್ಟರನ್ನು ಹುಡುಕಿಕೊಂಡು ಮೂರು ಮಹಡಿ ಸುತ್ತಿ ಬಂದಿದ್ದ. ಮಂಚ ಇದ್ದ ಜಾಗದಲ್ಲಿ ಬರೀ ನೆಲ ಕಂಡು, ಅದನ್ನೇ ನೋಡುತ್ತಾ ನಿಂತುಬಿಟ್ಟ.

*

"ಲೆಕ್ಕ ಹಾಕಿದ್ದು ಯಾರು?"

ಪ್ರಿನ್ಸಿಪಾಲರು ಕೇಳಿದ್ದು ಅದೊಂದೇ ಪ್ರಶ್ನೆ. ಗುಬ್ಬಿ ಕೈಯೆತ್ತಿದಳು. ಅಲ್ಲಿಗೆ ಅವರ ಪತ್ತೇದಾರಿಕೆ ಮುಗಿಯಿತು.

"ಡಾಕ್ಟರು ಹೇಳಿದ್ದೇನು?"

"ಗಂಟೆಗೆ ಅರವತ್ತು ಎಂ.ಎಲ್., ಸರ್."

"ನೀನು ಬಾಟಲಿ ಮೇಲೆ ಬರೆದಿದ್ದೇನು?"

"ನಿಮಿಷಕ್ಕೆ ಅರವತ್ತು ಹನಿ, ಸರ್. ನಾನು ಹಾಕಿದ್ದು ಮೈಕ್ರೋ ಸೆಟ್. ಲೆಕ್ಕ ಸರಿಯಾಗೇ ಇದೆ ಸರ್. ಚಕ್ರ ಹೊಂದಿಸಿ, ಎರಡೆರಡು ಸಲ ಎಣಿಸಿ ನೋಡಿದ್ದೀನಿ."

"ಸರಿಯಾಗಿದ್ರೆ ಬಾಟಲಿ ಖಾಲಿ ಆಗಿದ್ದು ಹೇಗಮ್ಮ? ಆವಿಯಾಗಿ ಹೋಯ್ತಾ?"

ಗುಬ್ಬಿ ಮೇಡಂ ಕಡೆ ನೋಡಿದಳು. ಮೇಡಂ ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ಆಗಿತ್ತು. ಮೈಕ್ರೋ ಸೆಟ್ ಎಂಬ ಡ್ರಿಪ್ ಕೊಳವೆಯದು ಚಿಕ್ಕ ಹನಿ. ಅರವತ್ತು ಹನಿ ಸೇರಿದರೆ ಒಂದು ಎಂ.ಎಲ್. ನಿಮಿಷಕ್ಕೆ ಅರವತ್ತು ಹನಿ ಎಂದರೆ ಗಂಟೆಗೆ ಅರವತ್ತು ಎಂ.ಎಲ್. ಹುಡುಗಿಯ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಪ್ರಿನ್ಸಿಪಾಲರು ಗುಬ್ಬಿಯನ್ನು ಹೊರಗೆ ಕಳಿಸಿ, ಮೇಜಿನ ಮೇಲಿದ್ದ ಹಾಳೆಯನ್ನು ಮೇಡಂ ಕಡೆ ತಿರುಗಿಸಿದರು. ವಜಾ ಪತ್ರ. ಟೈಪಾಗಿತ್ತು, ಸಹಿಯೊಂದು ಬಾಕಿ.

"ಸರ್, ವಿಚಾರಣೆನೇ ಮಾಡದೆ—"

"ಆ ಮನೆಯವರು ದೂರು ಕೊಡೋ ಮೊದಲು ನಾವು ಕ್ರಮ ತಗೊಂಡಿರಬೇಕು. ನೀವೇ ವಿಚಾರಣೆ ಮಾಡ್ತೀರಾ? ಮಾಡಿ. ಸಂಜೆ ನಾನು ಮನೆಗೆ ಹೊರಡೋದರ ಒಳಗೆ ಯಾರು ಅಂತ ಹೇಳಿ. ಇಲ್ಲಾಂದ್ರೆ ಸಹಿ ಹಾಕ್ತೀನಿ."

ರೋಗಿಯ ಜೀವಕ್ಕೆ ಕುತ್ತು ತಂದವಳು ಎಂದು ಹೊರಗೆ ಹಾಕಿದರೆ ಬೇರೆ ಯಾವ ನರ್ಸಿಂಗ್ ಶಾಲೆಯೂ ಅವಳನ್ನು ಹತ್ತಿರ ಸೇರಿಸುವುದಿಲ್ಲ. ಮೂರು ವರ್ಷದ ಓದು ನೀರುಪಾಲು.  ಪರೀಕ್ಷೆಯ ಪ್ರಶ್ನೆಗಾದರೆ ಸೂತ್ರವಿದೆ. ಇದಕ್ಕೆ?

*

ಖಾಲಿ ಬಾಟಲಿ, ಕೊಳವೆ, ಸೂಜಿ ಎಲ್ಲವನ್ನೂ ಡ್ರೆಸ್ಸಿಂಗ್ ಕೋಣೆಯಲ್ಲಿ ಒಂದು ಸ್ಟೀಲ್ ಟ್ರೇಯಲ್ಲಿ ಇಟ್ಟು ಬೀಗ ಹಾಕಿದ್ದರು. ಮೇಡಂ ಗುಬ್ಬಿಯನ್ನು ಕರೆದುಕೊಂಡು ಒಳಗೆ ಹೋದರು. ಬಾಟಲಿಯ ಮೇಲೆ ಗುಬ್ಬಿಯ ದುಂಡು ಅಕ್ಷರ— ನಿಮಿಷಕ್ಕೆ 60 ಹನಿ. ಎಲ್ಲರೂ ನೋಡಿದ್ದು ಅದನ್ನೇ. ಮೇಡಂ ಅದನ್ನು ಬದಿಗಿಟ್ಟು ಕೊಳವೆಯನ್ನು ಕೈಗೆತ್ತಿಕೊಂಡರು. ಬಾಟಲಿಯ ಕೆಳಗೆ ಹನಿ ಬೀಳುವ ಪುಟ್ಟ ಗಾಜಿನಂಥ ಗೂಡು ಇರುತ್ತದಲ್ಲ, ಚೇಂಬರ್, ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

ತಿರುಗಿಸಿ ಮತ್ತೊಮ್ಮೆ ನೋಡಿದರು.

ಮೈಕ್ರೋ ಸೆಟ್ಟಿನ ಚೇಂಬರಿನೊಳಗೆ ಸೂಜಿಯಷ್ಟು ಸಣ್ಣ ಉಕ್ಕಿನ ನಳಿಕೆ ಇರುತ್ತದೆ. ಚಿಕ್ಕ ಹನಿ ಬೀಳುವುದು ಅದರಿಂದ. ಇದರಲ್ಲಿ ಅದಿರಲಿಲ್ಲ. ಅಗಲ ಬಾಯಿಯ ಸಾದಾ ಸೆಟ್. ಇದರಲ್ಲಿ ಇಪ್ಪತ್ತೇ ಹನಿಗೆ ಒಂದು ಎಂ.ಎಲ್. ಈ ಸೆಟ್ಟಿನಲ್ಲಿ ನಿಮಿಷಕ್ಕೆ ಅರವತ್ತು ಹನಿ ಬಿಟ್ಟರೆ ಮೂರು ಪಟ್ಟು ನೀರು ಹೋಗುತ್ತದೆ. ಹೋಗಿತ್ತು.

ಹುಡುಗಿಯನ್ನು ಉಳಿಸಲು ಹೊರಟವರು ಹುಡುಗಿಯ ಕೊರಳಿಗೇ ಹಗ್ಗ ಹುಡುಕಿಕೊಟ್ಟ ಹಾಗಾಯಿತು.

"ಗುಬ್ಬಿ, ಇದು ಸಾದಾ ಸೆಟ್ ಕಣೇ."

"ಸಾಧ್ಯವೇ ಇಲ್ಲ ಮೇಡಂ! ನಾನು ಮೈಕ್ರೋನೇ—" ಗುಬ್ಬಿ ಚೇಂಬರನ್ನು ಕಿತ್ತುಕೊಂಡಂತೆ ತೆಗೆದುಕೊಂಡು ನೋಡಿದಳು. ನೋಡಿದಳು, ನೋಡುತ್ತಲೇ ಇದ್ದಳು. ಅವಳ ಮುಖದ ಬಣ್ಣ ಮೇಡಂ ಕಣ್ಣೆದುರೇ ಇಳಿಯಿತು. ಕೈ ತಾನಾಗಿ ಎದೆಯ ಎಡಭಾಗ ಮುಟ್ಟಿ ಕೆಳಗೆ ಬಂತು.

"ನಂದೇ ತಪ್ಪು ಮೇಡಂ," ಎಂದಳು.

"ಏನಂದೆ?"

"ಸೆಟ್ ಅದಲು ಬದಲು ಮಾಡ್ಕೊಂಡಿದ್ದೀನಿ. ಗೊತ್ತಾಗಲಿಲ್ಲ. ನಂದೇ ತಪ್ಪು. ಅವರಿಗೆ ಸಹಿ ಹಾಕೋಕೆ ಹೇಳಿ."

"ಈಗ ತಾನೆ ಸಾಧ್ಯವೇ ಇಲ್ಲ ಅಂದೆ!"

"ಈಗ ನೆನಪಾಯ್ತು."

"ಏನು ನೆನಪಾಯ್ತು?"

ಗುಬ್ಬಿ ಚೇಂಬರನ್ನು ಟ್ರೇಗೆ ಹಾಕಿದಳು. ಮೇಡಂ ಅವಳನ್ನೇ ದಿಟ್ಟಿಸಿದರು. ಸುಳ್ಳು ಹೇಳುವುದರಲ್ಲಿ ಗುಬ್ಬಿ ಯಾವತ್ತೂ ಪಾಸಾದವಳಲ್ಲ. ಅವಳ ಬಿಳಿ ಸಮವಸ್ತ್ರದ ಎಡಭಾಗದಲ್ಲಿ ಎರಡು ಪುಟ್ಟ ತೂತು ಕಂಡವು. ಹುಡುಗಿಯರು ಪಿನ್ನಿನಿಂದ ಗಡಿಯಾರ ಸಿಕ್ಕಿಸಿಕೊಳ್ಳುವ ಜಾಗ.

"ನಿನ್ನ ಗಡಿಯಾರ ಎಲ್ಲಿ?"

"ಎಲ್ಲೋ ಬಿತ್ತು ಮೇಡಂ."

"ಯಾವಾಗ?"

"ಗೊತ್ತಿಲ್ಲ."

ಗುಬ್ಬಿ ಅಳುತ್ತಾ ಹೊರಗೆ ಹೋದಳು. ಮೇಡಂ ಒಬ್ಬರೇ ಆ ಕೊಳವೆಯನ್ನು ತಿರುವಿ ಮುರುವಿ ನೋಡುತ್ತಾ ಕೂತರು. ಆಗ ಕಣ್ಣಿಗೆ ಬಿದ್ದದ್ದು ಕೊಳವೆಗೆ ಅಂಟಿದ್ದ ಪ್ಲಾಸ್ಟರು.

ಮೊದಲ ವರ್ಷದ ಮೊದಲ ವಾರದಲ್ಲೇ ಮೇಡಂ ತಮ್ಮ ಹುಡುಗಿಯರಿಗೆ ಒಂದು ಅಭ್ಯಾಸ ಹಿಡಿಸುತ್ತಿದ್ದರು. ಪ್ಲಾಸ್ಟರ್ ಅಂಟಿಸಿದ ಮೇಲೆ ಅದರ ತುದಿಯನ್ನು ಒಂದಿಷ್ಟು ಒಳಕ್ಕೆ ಮಡಚಬೇಕು. ಮುಂದೆ ಬಿಚ್ಚುವವರು ಉಗುರಿನಿಂದ ಕೆರೆಯುತ್ತಾ ರೋಗಿಯ ಚರ್ಮ ಕೀಳಬಾರದು ಎಂದು. ಗುಬ್ಬಿ ನಿದ್ದೆಯಲ್ಲಿ ಪ್ಲಾಸ್ಟರ್ ಹಾಕಿದರೂ ತುದಿ ಮಡಚುತ್ತಾಳೆ.

ಈ ಪ್ಲಾಸ್ಟರಿಗೆ ಮಡಿಕೆಯೇ ಇರಲಿಲ್ಲ. ತುದಿ ನೀಟಾಗಿ, ಓರೆಯಾಗಿ, ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು.

*

ವಾರ್ಡಿನಲ್ಲಿ ಸೊಂಟಕ್ಕೆ ಕತ್ತರಿ ಕಟ್ಟಿಕೊಂಡು ಓಡಾಡುವವರು ಒಬ್ಬರೇ. ದೊಡ್ಡ ಸಿಸ್ಟರ್. ಇಪ್ಪತ್ತು ಮಂಚಕ್ಕೆ ಅವರೊಬ್ಬರೇ ಯಜಮಾನಿ, ಅವರೊಬ್ಬರೇ ಆಳು.

"ಸಿಸ್ಟರ್, ಬೆಳಿಗ್ಗೆ ಕಿಟಕಿ ಮಂಚದ ಡ್ರಿಪ್ ಮುಟ್ಟಿದ್ರಾ?"

"ಇಲ್ಲ. ಅದು ನಿಮ್ಮ ಹುಡುಗಿ ಹಾಕಿದ್ದು."

ಮೇಡಂ ಪ್ಲಾಸ್ಟರ್ ಅಂಟಿದ್ದ ಕೊಳವೆಯನ್ನು ಅವರ ಮುಂದೆ ಹಿಡಿದು ಕತ್ತರಿಸಿದ ತುದಿ ತೋರಿಸಿದರು. ದೊಡ್ಡ ಸಿಸ್ಟರ್ ಕೈ ಸೊಂಟದ ಕತ್ತರಿಯ ಮೇಲೆ ಹೋಗಿ ನಿಂತಿತು.

"ಬಾಗಿಲು ಹಾಕಿ ಮೇಡಂ," ಎಂದರು.

ಮೇಡಂ ಬಾಗಿಲು ಹಾಕಿದರು.

"ಆ ಪೇಷಂಟ್ ಬಾತ್‌ರೂಮಿಗೆ ಅಂತ ಎದ್ದಾಗ ಕೊಳವೆ ಕಾಲಿಗೆ ಸಿಕ್ಕಿ, ಕಳಚಿ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದಿದ್ದನ್ನ ಮತ್ತೆ ಹಾಕೋಕಾಗುತ್ತಾ? ಬೇರೆ ಸೆಟ್ ಹಾಕಿದೆ. ಸ್ಟೋರಲ್ಲಿ ಮೈಕ್ರೋ ಖಾಲಿ. ಸಾದಾ ಸೆಟ್ಟೇ ಹಾಕಿದೆ."

"ಎಷ್ಟು ಹನಿಗೆ ಇಟ್ರಿ?"

"ನನಗೆ ಲೆಕ್ಕ ಬರಲ್ವಾ ಮೇಡಂ? ನಿಮಿಷಕ್ಕೆ ಇಪ್ಪತ್ತು ಹನಿಗೆ ಇಟ್ಟೆ. ನನ್ನ ಮಕ್ಕಳ ಮೇಲೆ ಆಣೆ. ಇಪ್ಪತ್ತೇ."

"ಬಾಟಲಿ ಮೇಲೆ ಅರವತ್ತು ಅಂತ ಇದ್ದಿದ್ದು?"

"ತಿದ್ದಬೇಕು ಅಂತ ಪೆನ್ನು ತೆಗೆದೆ. ಅಷ್ಟರಲ್ಲಿ ಬಾಗಿಲ ಹತ್ತಿರದ ಮುದುಕರ ನಾಡಿ ನಿಂತುಹೋಯ್ತು. ಓಡಿದೆ. ಅಲ್ಲಿ ಎದೆ ಒತ್ತುತ್ತಾ ಇದ್ದೀನಿ, ಈ ಕಡೆಯಿಂದ ಯಾರೋ ಸಿಸ್ಟರ್ ಸಿಸ್ಟರ್ ಅಂತ ಕರೀತಾನೇ ಇದ್ರು. ಬಂದೆ ಅಂದೆ. ಎರಡು ಕೈಲಿ ಎಷ್ಟು ಕಡೆ ಇರಲಿ ಮೇಡಂ? ನಿಮ್ಮ ಹುಡುಗಿಯರೂ ಆ ಹೊತ್ತಿಗೆ ಕ್ಲಾಸಿಗೆ ಹೋಗಿದ್ರು."

ಹೌದು. ಅಷ್ಟೂ ಹುಡುಗಿಯರನ್ನು ಹನಿಯ ಲೆಕ್ಕ ಕಲಿಸಲೆಂದು ಕರೆಸಿಕೊಂಡಿದ್ದವರು ಮೇಡಮ್ಮೇ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ," ಎಂದರು ದೊಡ್ಡ ಸಿಸ್ಟರ್. ಆಮೇಲೆ ತಲೆ ತಗ್ಗಿಸಿ, "ಹೆದರಿಕೆ ಆಯ್ತು," ಎಂದರು.

ಅವರು ಸುಳ್ಳು ಹೇಳುತ್ತಿಲ್ಲ ಎಂದು ಮೇಡಂಗೆ ಅನ್ನಿಸಿತು. ಹಾಗಾದರೆ ಇಪ್ಪತ್ತಕ್ಕೆ ಇಟ್ಟ ಡ್ರಿಪ್ಪು ಅರವತ್ತಕ್ಕೆ ಏರಿದ್ದು ಹೇಗೆ? ಬಾಟಲಿ ಖಾಲಿಯಾದ ಹೊತ್ತಿನ ಲೆಕ್ಕಕ್ಕೆ ಹೊಂದುವುದು ಅರವತ್ತೇ. ತಾನಾಗಿ ಸಡಿಲವಾದ ಚಕ್ರ ನಲವತ್ತಕ್ಕೂ ನಿಲ್ಲಬಹುದು, ನೂರಕ್ಕೂ ಹೋಗಬಹುದು. ಯಾರೋ ಬಂದು ತಿರುಗಿಸಿದ್ದಾರೆ. ಯಾರು? ಯಾಕೆ?

*

ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಆ ಗಂಡ ಕೂತಿದ್ದ. ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ಮು ಬಾರಿಸುವವನು. ಬೆರಳಿಗೆ ಸುಮ್ಮನಿರುವುದೇ ಗೊತ್ತಿಲ್ಲ. ಮೊಣಕಾಲ ಮೇಲೆ ಟಕ್, ಟಕ್, ಟಕ್ ಎಂದು ಒಂದೇ ಹದದಲ್ಲಿ ಬಡಿಯುತ್ತಿದ್ದವು. ಇಷ್ಟು ಹೊತ್ತಿನಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ರೋಗಿಯ ಕಡೆಯವರನ್ನು ಕೇಳುವುದೇನಿದೆ?

ಮೇಡಂ ಪಕ್ಕದಲ್ಲಿ ಕೂತರು. "ಡಾಕ್ಟರು ಏನಂದ್ರು ಯಜಮಾನ್ರೇ?"

"ಏನೂ ಹೇಳ್ತಿಲ್ಲಮ್ಮ. ಗಾಜಿನಿಂದ ನೋಡಿದೆ. ಅಲ್ಲಿ ಡ್ರಿಪ್ಪಿಗೆ ಮಿಷಿನ್ ಹಾಕಿಬಿಟ್ಟಿದ್ದಾರೆ. ಹನಿ ಕಾಣಿಸಲ್ಲ. ಕಾಣಿಸಿದ್ರೆ ನಾನೇ ಎಣಿಸ್ತಿದ್ದೆ."

ಅವನ ಇನ್ನೊಂದು ಕೈಯ ಮುಷ್ಟಿಯಲ್ಲಿ ಏನೋ ಹೊಳೆಯಿತು. ಪಿನ್ನಿರುವ ಪುಟ್ಟ ಗಡಿಯಾರ.

ಮೇಡಂ ಅದರ ಕಡೆ ಬಾಗಿದರು. "ಅದು ಯಾರದು?"

"ಆ ಸಣ್ಣ ಸಿಸ್ಟರ್ದು, ಪಾಪ. ನಾನು ಬೆಳಿಗ್ಗೆಯಿಂದ ಅವಳ ಹಿಂದೆ ಬಿದ್ದಿದ್ದೆ. ನಾನೇನು ಮಾಡಲಿ, ನಾನೇನು ಮಾಡಲಿ ಅಂತ. ಸುಮ್ನೆ ಕೂತ್ಕೊಂಡು ಹೆಂಡತಿ ಮುಖ ನೋಡೋಕಾಗಲ್ಲಮ್ಮ ನನಗೆ. ಆಮೇಲೆ ಆ ಮಗು ಇದನ್ನ ಬಿಚ್ಚಿ ಕೊಟ್ಟು, ಸೆಕೆಂಡಿಗೊಂದು ಹನಿ ಬೀಳಬೇಕು, ಮುಳ್ಳಿನ ಜೊತೆ ಹನಿ ಹೋಗಬೇಕು, ನೋಡ್ತಾ ಇರಿ ಅಂತು. ಆಗ ಜೀವಕ್ಕೆ ಸಮಾಧಾನ ಆಯ್ತು ನೋಡಿ."

"ನೋಡ್ತಾ ಇದ್ರಾ?"

"ಬೇರೇನು ಕೆಲಸ ನನಗೆ? ಮೂವತ್ತು ವರ್ಷದಿಂದ ಡ್ರಮ್ಮು ಬಾರಿಸ್ತೀನಿ. ತಾಳ ತಪ್ಪೋ ಮಾತೇ ಇಲ್ಲ. ಕೊನೇ ಹನಿವರೆಗೂ ಸೆಕೆಂಡಿಗೊಂದು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ."

ಮುಂದಿನ ಪ್ರಶ್ನೆ ಮೇಡಂ ನಾಲಿಗೆಯ ತುದಿಯವರೆಗೂ ಬಂತು. ಕೇಳಲಿಲ್ಲ. ಕೇಳುವ ಅಗತ್ಯವೂ ಉಳಿದಿರಲಿಲ್ಲ.

"ತಪ್ಪು ಯಾರದು ಅಂತ ಗೊತ್ತಾದ್ರೆ ನನಗೊಂದು ಮಾತು ಹೇಳಿ ಅಮ್ಮ," ಎಂದ ಅವನು. "ನಾನೇನೂ ಜಗಳ ಮಾಡಲ್ಲ. ಯಾಕೆ ಹೀಗೆ ಮಾಡಿದ್ರಿ ಅಂತ ಕೇಳ್ತೀನಿ, ಅಷ್ಟೇ."

*

ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ನಾಲ್ಕು ಜನ. ಮೇಜಿನ ಹಿಂದೆ ಪ್ರಿನ್ಸಿಪಾಲರು, ಗೋಡೆಗೊರಗಿ ದೊಡ್ಡ ಸಿಸ್ಟರ್, ಬಾಗಿಲ ಬಳಿ ಗುಬ್ಬಿ. ಮೇಡಂ ನಿಂತೇ ಇದ್ದರು.

"ಹೇಳಿ. ಯಾರು?"

"ಮೊದಲು ಹೇಗೆ ಅಂತ ಹೇಳ್ತೀನಿ ಸರ್. ಗುಬ್ಬಿ ಹಾಕಿದ್ದು ಮೈಕ್ರೋ ಸೆಟ್. ಅರವತ್ತು ಹನಿ. ಸರಿ. ಅದು ನೆಲಕ್ಕೆ ಬಿತ್ತು. ಸಿಸ್ಟರ್ ಸಾದಾ ಸೆಟ್ ಹಾಕಿ ಇಪ್ಪತ್ತಕ್ಕೆ ಇಟ್ರು. ಅದೂ ಸರಿ."

ಪ್ರಿನ್ಸಿಪಾಲರು ಗೋಡೆಯ ಕಡೆ ನೋಡಿದರು. "ಹೌದು ಸರ್, ನಾನೇ ಬದಲಾಯಿಸಿದ್ದು," ಎಂದರು ದೊಡ್ಡ ಸಿಸ್ಟರ್.

"ಹಾಗಾದ್ರೆ ಈ ಹುಡುಗಿ ಮಧ್ಯಾಹ್ನ ನನ್ನ ಹತ್ರನೂ ಬಂದು ತನ್ನದೇ ತಪ್ಪು ಅಂತ ಯಾಕೆ ಒಪ್ಪಿಕೊಂಡ್ಳು?"

"ನನಗೂ ಅದೇ ತಲೆ ತಿಂದಿದ್ದು. ಚೇಂಬರ್ ನೋಡೋವರೆಗೂ ಸಾಧ್ಯವಿಲ್ಲ ಅಂತಿದ್ದವಳು, ನೋಡಿದ ಮರುಕ್ಷಣ ಒಪ್ಪಿಕೊಂಡಳು. ಸಾದಾ ಸೆಟ್ ಅಂತ ಗೊತ್ತಾದ ಕೂಡಲೇ ಅವಳಿಗೆ ಇನ್ನೊಂದೂ ಗೊತ್ತಾಯ್ತು. ಅವಳ ಗಡಿಯಾರ ಯಾರ ಕೈಲಿದೆ ಅಂತ."

"ಮೇಡಂ, ಬೇಡ," ಎಂದಳು ಗುಬ್ಬಿ.

"ಸೆಟ್ ಬದಲಾದಾಗ ಮೂರು ಸೆಕೆಂಡಿಗೊಂದು ಹನಿ ಬೀಳೋಕೆ ಶುರುವಾಯ್ತು. ದೊಡ್ಡ ಹನಿ, ನಿಧಾನ ಹನಿ. ಅದೇ ಸರಿ ಅಂತ ನಮಗೆ ಗೊತ್ತು. ಆದರೆ ಮಂಚದ ಪಕ್ಕ ಕೂತು, ಸೆಕೆಂಡಿಗೊಂದು ಅಂತ ಕಣ್ಣು ಮಿಟುಕಿಸದೆ ಎಣಿಸ್ತಿದ್ದವರಿಗೆ? ಔಷಧಿ ಹೋಗ್ತಿಲ್ಲ, ಹೆಂಡತಿಗೆ ಏನೋ ಆಗುತ್ತೆ ಅಂತ ಅನ್ನಿಸಿತು. ಬಾಟಲಿ ಮೇಲೂ ಅರವತ್ತು ಅಂತಲೇ ಇತ್ತು. ಚಕ್ರ ತಿರುಗಿಸಿ ಮತ್ತೆ ಸೆಕೆಂಡಿಗೊಂದು ಮಾಡಿದ್ರು. ಕೊನೇ ಹನಿವರೆಗೂ ಸೆಕೆಂಡಿಗೊಂದೇ ಇತ್ತು ಅಂತ ಅವರೇ ನನಗೆ ಹೇಳಿದ್ರು. ಇಪ್ಪತ್ತಕ್ಕೆ ಇಟ್ಟಿದ್ದು ಹಾಗಾಗಬೇಕಾದ್ರೆ ಅವರ ಕೈಯಿಂದಲೇ ಆಗಬೇಕು. ಬಾಟಲಿ ಎಷ್ಟು ಹೊತ್ತಿಗೆ ಮುಗೀಬೇಕು ಅಂತ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ."

ಪ್ರಿನ್ಸಿಪಾಲರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಅಂದ್ರೆ— ಗಂಡನೇ?"

"ಗಂಡನೇ ಸರ್."

ಪ್ರಿನ್ಸಿಪಾಲರು ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು. ಮಧ್ಯಾಹ್ನದಿಂದ ಎದೆ ಮೇಲಿದ್ದ ಕಲ್ಲು ಇಳಿದ ಹಾಗಿತ್ತು ಅವರ ಮುಖ. ವಜಾ ಪತ್ರವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. "ಹಾಗಾದ್ರೆ ನಮ್ಮ ಕಡೆಯಿಂದ ಏನೂ ತಪ್ಪಿಲ್ಲ! ಕರೆಸಿ ಅವನನ್ನ. ನಾಲ್ಕು ಜನರ ಮುಂದೆ ಹೇಳಿ ಬರೆಸ್ಕೊಳ್ಳೋಣ."

"ತಪ್ಪಿಲ್ವಾ ಸರ್? ಬದಲಾಯಿಸಿದ್ದನ್ನ ಎಣಿಸೋರಿಗೆ ಹೇಳಲಿಲ್ಲ. ಬಾಟಲಿ ಮೇಲಿದ್ದಿದ್ದು ತಿದ್ದಲಿಲ್ಲ. ಇಪ್ಪತ್ತು ಮಂಚಕ್ಕೆ ಒಬ್ಬರೇ ಸಿಸ್ಟರ್."

"ಚಕ್ರ ತಿರುಗಿಸಿದ ಕೈ ಯಾರದು ಮೇಡಂ? ಅದನ್ನ ಹೇಳಿ ಸಾಕು."

 ಸತ್ಯ ಹೇಳಿ ಹುಡುಗಿಯನ್ನು ಉಳಿಸಿದ್ದಾಗಿತ್ತು. ಅದೇ ಸತ್ಯ ಈಗ ಪ್ರಿನ್ಸಿಪಾಲರ ಕೈಗೆ ಬಡಿಗೆಯಾಗಿ ಸಿಕ್ಕಿತ್ತು. ವಾಪಸು ಕಿತ್ತುಕೊಳ್ಳುವ ಹಾಗಿಲ್ಲ.

ಗುಬ್ಬಿ ಗೋಡೆ ಹಿಡಿದು ಕುಸಿದು ಕೂತಳು. "ನನ್ನ ಹೆಸರೇ ಇರಲಿ ಅಂತ ಬಿಟ್ಟಿದ್ದೆ ಮೇಡಂ. ನನಗೆ ಓದು ಹೋಗ್ತಿತ್ತು, ಅಷ್ಟೇ. ಅವರಿಗೆ..." ಮುಖ ಮುಚ್ಚಿಕೊಂಡು ಅತ್ತಳು. ಬಚಾವಾದವಳ ಅಳು ಅದಾಗಿರಲಿಲ್ಲ.

"ಅವರನ್ನ ಇಲ್ಲಿಗೆ ಕರೆಸಬೇಡಿ ಸರ್," ಎಂದರು ಮೇಡಂ. "ನಾನೇ ಹೋಗಿ ಹೇಳ್ತೀನಿ. ಅಷ್ಟನ್ನಾದರೂ ನನಗೆ ಬಿಡಿ."

*

ಅವನು ಅದೇ ಬೆಂಚಿನಲ್ಲಿದ್ದ. ಬೆರಳು ಅದೇ ಹದದಲ್ಲಿ ಬಡಿಯುತ್ತಿದ್ದವು. ಮೇಡಂ ಕೈಯಲ್ಲಿ ಎರಡು ಸೆಟ್ಟು, ಎರಡಕ್ಕೂ ಬರೀ ನೀರು ತುಂಬಿತ್ತು. ಕ್ಲಾಸಿನಲ್ಲಿ ಹುಡುಗಿಯರಿಗೆ ತೋರಿಸಲು ಇಟ್ಟುಕೊಂಡಿದ್ದವು.

"ಗೊತ್ತಾಯ್ತಾ ಅಮ್ಮ?"

"ಗೊತ್ತಾಯ್ತು. ಅಂಗೈ ಚಾಚಿ ಯಜಮಾನ್ರೇ."

ಅವನು ಗಡಿಯಾರವನ್ನು ಮಡಿಲಿಗೆ ಹಾಕಿಕೊಂಡು ಆ ಕೈಯನ್ನು ಬೆಪ್ಪಾಗಿ ಚಾಚಿದ. ಡ್ರಮ್ಮಿನ ಕೋಲು ಹಿಡಿದು ಹಿಡಿದು ಜಡ್ಡುಗಟ್ಟಿದ್ದ ಅಂಗೈ. ಮೇಡಂ ಮೈಕ್ರೋ ಚೇಂಬರಿನ ತಳ ಬಿಚ್ಚಿ ಒಂದು ಹನಿ ಬೀಳಿಸಿದರು. ಸಾಸಿವೆಗಿಂತ ಒಂದಿಷ್ಟು ದೊಡ್ಡದು. ಅದರ ಪಕ್ಕದಲ್ಲಿ ಸಾದಾ ಸೆಟ್ಟಿನಿಂದ ಇನ್ನೊಂದು. ಅದು ಬಿದ್ದ ರಭಸಕ್ಕೆ ಒಡೆದು ಅಂಗೈಯ ಗೆರೆಗಳಲ್ಲಿ ಹರಡಿತು.

"ಇದು ಬೆಳಿಗ್ಗೆ ಹುಡುಗಿ ಹಾಕಿದ್ದು. ಇದು ಆಮೇಲೆ ಸಿಸ್ಟರ್ ಬದಲಾಯಿಸಿದ್ದು."

ಅವನು ನೋಡಿದ. ಹಿಂದಕ್ಕೂ ಮುಂದಕ್ಕೂ ಎರಡು ಸಲ ನೋಡಿದ. ಮೊಣಕಾಲ ಮೇಲಿನ ಬೆರಳು ನಿಂತವು.

"ಹನಿ ಎಲ್ಲಾ ಒಂದೇ ಅಲ್ವಾ ಅಮ್ಮ?"

"ಅಲ್ಲ."

 ಒಳಗಿನಿಂದ ಮಿಷಿನ್ನುಗಳ ಸದ್ದು ಕೇಳುತ್ತಿತ್ತು. ಆಮೇಲೆ ಒದ್ದೆಯಾಗದ ಕೈಯಿಂದ ಗಡಿಯಾರವನ್ನು ಮೇಡಂ ಮಡಿಲಿಗೆ ಮೆಲ್ಲಗೆ ಇಟ್ಟ. ಅಂಗೈಯನ್ನು ಮಾತ್ರ ಚಾಚಿದಂತೆಯೇ ಹಿಡಿದಿದ್ದ, ಮುಚ್ಚಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

"ನಿಧಾನ ಆದಾಗ ನಾನು ಕರೆದೆ ಅಮ್ಮ," ಎಂದ. "ತುಂಬಾ ಹೊತ್ತು ಕರೆದೆ. ಯಾರೂ ಬರಲಿಲ್ಲ."